ಬಾನೆಟ್ ಬಿಸಿಯಾಗಿತ್ತು

“ಆ ಕಾರು ತಗೋಬೇಡಿ.”

ಸಹಿ ಹಾಕಲು ಪೆನ್ನು ಬಿಚ್ಚಿದ್ದ ಅವಳ ಕೈ ಹಾಗೇ ನಿಂತುಬಿಟ್ಟಿತು.

ಯಾರಿವನು? ಥಟ್ಟನೆ ತಿರುಗಿ ನೋಡಿದಳು. ಎಣ್ಣೆ ಕಲೆಯ ನೀಲಿ ಅಂಗಿ, ಎರಡು ದಿನ ಬೋಳಿಸದ ಗಡ್ಡ, ಎರಡೂ ಕೈಯಲ್ಲಿ ಎತ್ತಿಕೊಂಡಿದ್ದ ಭಾರದ ಬ್ಯಾಟರಿ. ಹಳೆ ಕಾರು ಮಾರುವ ಆ ಅಂಗಳದಲ್ಲಿ ಅವಳ ಪಕ್ಕದಿಂದ ಹಾದುಹೋಗುತ್ತಿದ್ದವನು ಒಂದೇ ಒಂದು ಕ್ಷಣ ನಿಂತಿದ್ದ. ಅಂಗಳದ ಮಾಲೀಕ ಉಳಿದ ಕಾಗದಪತ್ರ ತರಲು ಒಳಗೆ ಹೋಗಿದ್ದ.

“ಯಾಕೆ?” ಅವಳ ದನಿ ಗಡುಸಾಗಿತ್ತು.

“ನೀರಲ್ಲಿ ಮುಳುಗಿದ ಗಾಡಿ.”

“ನಿಮಗೆ ಹೇಗೆ ಗೊತ್ತು?”

“ಸೀಟ್‌ಬೆಲ್ಟ್ ಎಳೆದು ನೋಡಿ. ಕೊನೇ ತನಕ.”

ಅಷ್ಟೇ! ಬ್ಯಾಟರಿ ಹೊತ್ತುಕೊಂಡು ನಡೆದೇಬಿಟ್ಟ.

‘ಇವನು ಪಕ್ಕದ ಅಂಗಡಿಯವನ ಕಡೆಯವನಾ? ಈ ಕಾರು ಬೇಡ ಅನ್ನಿಸಿ ಇನ್ನೊಂದು ತಲೆಗೆ ಕಟ್ಟುವ ಪ್ಲ್ಯಾನಾ?’ ಅವಳ ತಲೆಯಲ್ಲಿ ಆಗಲೇ ಹತ್ತು ಲೆಕ್ಕಾಚಾರ ಓಡಿದವು. ಆದರೂ ಬಾಗಿಲು ತೆಗೆದು ಬೆಲ್ಟ್ ಎಳೆದಳು. ಹೊರಗೆ ಕಾಣುವ ಭಾಗ ಫಳಫಳ. ಇನ್ನೂ ಎಳೆದಳು... ಇನ್ನೂ... ಕೊನೆಯ ಗೇಣುದ್ದದಲ್ಲಿ ಕಂದು ಬಣ್ಣದ ಕೆಸರಿನ ಗೆರೆ! ಬೆರಳು ತಾಗಿದರೆ ಪುಡಿಪುಡಿಯಾಗಿ ಉದುರಿತು.

ಬೆಲ್ಟ್ ಬಿಟ್ಟು ಬಾಗಿಲು ಮುಚ್ಚಿದಳು.

“ಸಹಿ ಆಯ್ತಾ ತಂಗೀ?” ಮಾಲೀಕ ಹಲ್ಲು ಕಿರಿಯುತ್ತ ಬಂದ.

“ಪೆನ್ನು ಬರೀತಿಲ್ಲ ಅಣ್ಣಾ,” ಎಂದವಳೇ ಚೀಲ ಹೆಗಲಿಗೇರಿಸಿ ಹೊರಟಳು.

ಗೇಟಿನ ಹತ್ತಿರ ಆ ನೀಲಿ ಅಂಗಿಯವನು ಸಿಕ್ಕಿದ. ಅವಳು ಅಡ್ಡ ನಿಂತಳು.

“ಇದನ್ನ ನನಗೆ ಹೇಳಿದ್ರಿಂದ ನಿಮಗೇನು ಲಾಭ?”

ಅವನು ಅವಳನ್ನೇ ದಿಟ್ಟಿಸಿದ. ಕೋಪವಿರಲಿಲ್ಲ, ನಗುವೂ ಇರಲಿಲ್ಲ.

“ಲಾಭ ಏನಿಲ್ಲ. ಇವರು ಇನ್ಮೇಲೆ ನನ್ನ ಹತ್ರ ಬ್ಯಾಟರಿ ಹಾಕಿಸಲ್ಲ, ಅಷ್ಟೇ.”

ಒಂದು ಥ್ಯಾಂಕ್ಸ್ ಹೇಳುವುದು ಬಿಟ್ಟು ಲಾಭ ಕೇಳಿದಳಲ್ಲ, ಎಂಥಾ ಹುಡುಗಿಯಪ್ಪಾ ಇವಳು ಅಂತ ನೀವು ಬೈಕೊಳ್ಳಬಹುದು. ಬೈಯುವ ಮುಂಚೆ ಅವಳ ಕಡೆಯದನ್ನೂ ಸ್ವಲ್ಪ ಕೇಳಿಬಿಡಿ.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮನೆಯಲ್ಲಿ ಅವಳು, ಅಪ್ಪ, ಇಬ್ಬರೇ. ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಈಗ ಎರಡೂ ಕಿಡ್ನಿ ಕೈಕೊಟ್ಟಿವೆ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಆಗಲೇಬೇಕು. ಆಸ್ಪತ್ರೆ ನಲವತ್ತು ಕಿಲೋಮೀಟರ್ ದೂರ. ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಮೈಯೆಲ್ಲ ನೀರು ತುಂಬಿ ಉಸಿರಿಗೇ ಕುತ್ತು. ದಾರಿಯಲ್ಲಿ ಕೈಕೊಡದ ಒಂದು ಕಾರು... ಅವಳಿಗೆ ಬೇಕಾಗಿದ್ದು ಅಷ್ಟೇ.

ಅಂಥದೇ ಅಂತ ಹೇಳಿ ಒಂದು ಕಾರನ್ನು ಒಂದೂವರೆ ವರ್ಷದ ಹಿಂದೆ ಕೊಡಿಸಿದ್ದವನು ಅವಳನ್ನು ಮದುವೆಯಾಗಬೇಕಿದ್ದವನೇ. “ನನ್ನ ಫ್ರೆಂಡ್ ಗಾಡಿ, ಕಣ್ಮುಚ್ಚಿ ತಗೋ,” ಅಂದಿದ್ದ. ಅವಳು ಕಣ್ಣು ಮುಚ್ಚಿಯೇ ತಗೊಂಡಳು. ಮೂರನೇ ವಾರ, ಸುಡುವ ಮಧ್ಯಾಹ್ನ, ಹೆದ್ದಾರಿಯ ಮಧ್ಯೆ ಹೊಗೆ ಬಿಟ್ಟು ನಿಂತಿತು. ಎರಡು ಗಂಟೆ! ಹಿಂದಿನ ಸೀಟಿನಲ್ಲಿ ಅಪ್ಪ ಉಸಿರಿಗಾಗಿ ಬಾಯಿ ಬಾಯಿ ಬಿಡುತ್ತಿದ್ದರೆ ಅವಳು ರಸ್ತೆಯಲ್ಲಿ ನಿಂತು ಕಂಡ ಕಂಡ ಗಾಡಿಗೆ ಕೈ ಮುಗಿದಳು. ಅಪ್ಪ ಬದುಕಿ ಬಂದರು, ಪುಣ್ಯ. ಆಮೇಲೆ ಗೊತ್ತಾಯಿತು. ಕಾರಿನ ಮೀಟರ್ ಹಿಂದಕ್ಕೆ ತಿರುಗಿಸಿದ್ದರು, ಅವನು ಅದರಲ್ಲಿ ಕಮಿಷನ್ ಹೊಡೆದಿದ್ದ.

ಕೇಳಿದ್ದಕ್ಕೆ ಏನಂದ ಗೊತ್ತಾ? “ನಿಮ್ಮಪ್ಪನ್ನ ಕೂರಿಸೋಕೆ ತಾನೆ... ಇಷ್ಟು ಸಾಕು ಅಂದ್ಕೊಂಡೆ.”

ಉಂಗುರ ಅವನ ಅಂಗೈಗೆ ಹಾಕಿ ಬಂದವಳು ಅಂದಿನಿಂದ ಯಾರನ್ನೂ ನಂಬಿಲ್ಲ. ತರಕಾರಿಯವನ ತಕ್ಕಡಿಯನ್ನೂ ಬಗ್ಗಿ ನೋಡುತ್ತಾಳೆ. ಅಪ್ಪ ಅವಳಿಗೆ ‘ನಮ್ಮನೆ ಪತ್ತೇದಾರಿ’ ಅಂತಲೇ ಹೆಸರಿಟ್ಟಿದ್ದಾರೆ.

*

ನೀಲಿ ಅಂಗಿಯವನ ಗ್ಯಾರೇಜ್ ಹುಡುಕುವುದು ಪತ್ತೇದಾರಿಗೆ ಕಷ್ಟವಾಗಲಿಲ್ಲ. ನೇರವಾಗಿ ಅಲ್ಲಿಗೆ ಹೋದಳಾ? ಇಲ್ಲಪ್ಪ! ಮೊದಲು ಎದುರಿನ ಚಹಾ ಅಂಗಡಿಯವನನ್ನು ಕೇಳಿದಳು. ಆಮೇಲೆ ಪಕ್ಕದ ಔಷಧಿ ಅಂಗಡಿಯವಳನ್ನು ಕೇಳಿದಳು. ಇಬ್ಬರೂ ಒಂದೇ ಮಾತು ಹೇಳಿದರು, “ಕೆಲಸ ಚೊಕ್ಕ, ಮಾತೇ ಕಮ್ಮಿ.”

‘ಇಬ್ಬರೂ ಒಂದೇ ಥರ ಹೇಳ್ತಾರೆ ಅಂದ್ರೆ ಹೇಳಿಕೊಟ್ಟಿರಬೇಕು,’ ಅಂದುಕೊಂಡಳು. ಅವಳ ಅನುಮಾನಕ್ಕೆ ಊಟ ಬೇಕಿರಲಿಲ್ಲ, ಗಾಳಿಯೇ ಸಾಕಾಗುತ್ತಿತ್ತು. ಕೊನೆಗೂ ಗ್ಯಾರೇಜಿಗೆ ಹೋಗಿ ಅವನೆದುರು ನಿಂತಳು.

“ಹಳೆ ಕಾರು ಚೆಕ್ ಮಾಡಿ ಕೊಡ್ತೀರಂತೆ?”

“ಹೂಂ.”

“ನಿಮ್ಮನ್ನ ಚೆಕ್ ಮಾಡೋರು ಯಾರು?”

ಅವನು ಬಟ್ಟೆಯಲ್ಲಿ ಕೈ ಒರೆಸುತ್ತ ಮೊದಲ ಬಾರಿ ನಕ್ಕ. ಕಣ್ಣಂಚಲ್ಲಿ ಮಾತ್ರ ಕಾಣುವ ನಗು. “ನೀವಿದ್ದೀರಲ್ಲ.”

ಅವನದು ಎರಡೇ ಕಟ್ಟುಪಾಡು. ಒಂದು, ಎಂಜಿನ್ ಓಡುವಾಗ ಅವನು ಬಾಯಿ ಬಿಡುವುದಿಲ್ಲ, ಕೇಳಿದ್ದಕ್ಕೆ ಉತ್ತರವನ್ನೂ ಕೊಡುವುದಿಲ್ಲ. “ಗಾಡಿ ಮಾತಾಡುವಾಗ ನಾನು ಮಾತಾಡಿದ್ರೆ ಅದು ಹೇಳೋದು ಕೇಳಿಸಲ್ಲ ಮೇಡಂ.” ಎರಡು, ಎಂಜಿನ್ ತಣ್ಣಗಿರಬೇಕು.

“ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಆಗುತ್ತಲ್ಲ, ಕೆಮ್ಮೋದು, ನಡುಗೋದು, ಹೊಗೆ ಬಿಡೋದು, ಎಲ್ಲಾ ಅವಾಗಲೇ. ಮಾರೋರು ಇದನ್ನ ಮುಚ್ಚೋಕೆ ಮೊದಲೇ ಓಡಿಸಿ ಬಿಸಿ ಮಾಡಿ ಇಟ್ಟಿರ್ತಾರೆ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ರೆ ಮಾತೇ ಆಡದೆ ಬಂದ್ಬಿಡಿ.”

ಅವಳು ಅದನ್ನು ಪಾಠದ ಹಾಗೆ ಕಲಿತಳು. ಅಪ್ಪನ ಡಯಾಲಿಸಿಸ್, ಮನೆಯಿಂದ ಆಸ್ಪತ್ರೆಗಿರುವ ದಾರಿ, ಅಷ್ಟನ್ನು ಮಾತ್ರ ಅವನಿಗೆ ಹೇಳಿದಳು.

ಭಾನುವಾರಕ್ಕೊಂದರಂತೆ ಐದು ಕಾರು ನೋಡಿದರು. ಮೊದಲನೆಯದರ ಒಂದು ಬಾಗಿಲಿನ ಬಣ್ಣ ಬೇರೆ. ಎರಡನೆಯದರ ಮೀಟರಿನಲ್ಲಿ ಓಡಿದ್ದು ಕಮ್ಮಿ, ಕಾಲಿಡುವ ಪೆಡಲ್‌ಗಳು ಮಾತ್ರ ಸವೆದು ಬೋಳು. ಮೂರನೆಯದು ಬೆಳಿಗ್ಗೆ ಸ್ಟಾರ್ಟ್ ಆದದ್ದೇ ನೀಲಿ ಹೊಗೆ ಕಕ್ಕಿತು. ಪ್ರತಿ ಸಲವೂ ಅವನು ಹಾಳೆಯಲ್ಲಿ ಏನೋ ಬರೆದು ತಲೆಯಾಡಿಸುತ್ತಿದ್ದ. ಪ್ರತಿ ಸಲವೂ ಅವಳ ಮುಖ ಬಾಡುತ್ತಿತ್ತು.

ನಾಲ್ಕನೆಯದಕ್ಕೆ ಅಪ್ಪನೂ ಬಂದಿದ್ದರು. “ಏನಪ್ಪಾ, ನಮ್ಮ ಹುಡುಗಿ ನಿನಗೂ ಟಿಕೆಟ್ ಕೇಳಿದ್ಲಾ?” ಅಂತ ರೇಗಿಸಿದರು. ಎಡಗೈಯನ್ನು ಎದೆಗೊತ್ತಿಕೊಂಡು ನಿಧಾನವಾಗಿ ಕಾರಿನೊಳಗೆ ಕೂರುತ್ತಿದ್ದ ಅಪ್ಪನನ್ನು ಅವನು ಸುಮ್ಮನೆ ನೋಡುತ್ತಿದ್ದ.

ನಿಜ ಹೇಳಬೇಕೆಂದರೆ, ಅವಳಿಗೇ ಗೊತ್ತಿಲ್ಲದ ಹಾಗೆ ಒಂದು ಬದಲಾವಣೆ ಆಗುತ್ತಿತ್ತು. ಶನಿವಾರ ಸಂಜೆಯಿಂದಲೇ ಮನಸ್ಸಿನಲ್ಲಿ ಏನೋ ಗಡಿಬಿಡಿ. ಯಾವ ಬಟ್ಟೆ ಹಾಕಲಿ ಅಂತ ಎರಡೆರಡು ಸಲ ಯೋಚನೆ. ಕಾರು ನೋಡೋಕೆ ಹೋಗೋಳಿಗೆ ಇದೆಲ್ಲ ಯಾಕಮ್ಮಾ? ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಆ ಬೈಗುಳದ ಹಿಂದೆಯೇ ಭಯವೂ ಇತ್ತು... ‘ಬೇಡ. ಒಂದು ಸಲ ಕಣ್ಣು ಮುಚ್ಚಿ ಅಪ್ಪನ್ನ ಕಳ್ಕೊಳ್ತಿದ್ದೆ. ಇನ್ನೊಂದು ಸಲ ಆಗಲ್ಲ.’

*

ಆರನೆಯ ಕಾರು ರಿಟೈರ್ ಆದ ಒಬ್ಬ ಶಾಲಾ ಹೆಡ್‌ಮೇಡಂ ಅವರದು. ಸಂಜೆಯಾದರೆ ಕಣ್ಣು ಮಂಜಾಗುತ್ತದೆ, ಅದಕ್ಕೇ ಮಾರುತ್ತಿದ್ದೇನೆ ಅಂದಿದ್ದರು. ಭಾನುವಾರ ಹತ್ತು ಗಂಟೆಗೆ ಬನ್ನಿ ಅಂತ ಶನಿವಾರ ರಾತ್ರಿ ಮೆಕ್ಯಾನಿಕ್ಕೇ ಫೋನ್ ಮಾಡಿ ಹೇಳಿದ್ದ.

ಅವಳು ಹತ್ತು ನಿಮಿಷ ಮೊದಲೇ ಹೋದಳು. ಅವನು ಆಗಲೇ ಅಲ್ಲಿದ್ದ! ಮನೆ ಮುಂದಿನ ನೆರಳಿನಲ್ಲಿ ಬೂದು ಬಣ್ಣದ ಕಾರು. ಅದರ ಪಕ್ಕ ಅವನು, ಮುಖದಲ್ಲಿ ಏನೋ ಹೊಸ ಕಳೆ.

ಅವಳು ಕಲಿತ ಪಾಠದಂತೆ ನೇರ ಹೋಗಿ ಬಾನೆಟ್ ಮೇಲೆ ಕೈ ಇಟ್ಟಳು.

ಬಿಸಿ.

ಕೈ ಹಿಂದೆಗೆದು ಮತ್ತೆ ಇಟ್ಟಳು. ಬಿಸಿಯೇ! ನೆರಳಿನಲ್ಲಿ ನಿಂತ ಕಾರಿಗೆ ಬಿಸಿಲಿನ ನೆಪವೂ ಇರಲಿಲ್ಲ.

“ಈ ಗಾಡಿ ತಗೊಳ್ಳಿ ಮೇಡಂ,” ಅಂದ ಅವನು.

ಆರು ವಾರದಲ್ಲಿ ಒಂದು ಸಲವೂ ಅವನ ಬಾಯಿಂದ ಬಾರದ ಮಾತು! ಬಿಸಿ ಬಾನೆಟ್ಟಿನ ಕಾರಿಗೆ ಬಂತು.

“ಯಾರು ಓಡಿಸಿದ್ರು ಇದನ್ನ?” ಎಂದಳು.

“ನಾನೇ.”

“ನೀವೇ?”

“ಹೇಳ್ತೀನಿ, ಮೊದಲು ಸ್ವಲ್ಪ ಕೇಳಿ...”

“ಏನು ಕೇಳೋದು? ಬಿಸಿ ಇದ್ರೆ ಮಾತೇ ಆಡದೆ ಬನ್ನಿ ಅಂತ ಹೇಳಿಕೊಟ್ಟೋರೇ ನೀವು! ಐದು ಕಾರು ಬೇಡ ಬೇಡ ಅಂದು ನನ್ನ ನಂಬಿಸಿದ್ದು ಈ ಆರನೇದಕ್ಕಾ?” ಕಣ್ಣು ತುಂಬಿ ಬಂದಿತ್ತು, ನಾಲಿಗೆ ಮಾತ್ರ ನಿಲ್ಲಲಿಲ್ಲ. “ಎಷ್ಟು ಕೊಟ್ರು ನಿಮಗೆ?”

ಅವನ ಮುಖದ ಕಳೆ ಇಳಿದುಹೋಯಿತು.

“ನಾನು ಈಗ ಹೇಳಿದ್ರೆ ನಂಬ್ತೀರಾ?”

“ಇಲ್ಲ.”

“ಮತ್ತೆ ಯಾಕೆ ಹೇಳಲಿ?”

ಕೈಯಲ್ಲಿದ್ದ ಹಾಳೆಯನ್ನು ಮಡಿಸಿ ಜಗಲಿಯ ಮೇಲಿಟ್ಟು, ತನ್ನ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಹೊರಟ. ತಿರುಗಿ ನೋಡಲಿಲ್ಲ. ಫೈಲು ಹಿಡಿದು ಒಳಗಿನಿಂದ ಬಂದ ಹೆಡ್‌ಮೇಡಂ “ಏನಾಯ್ತಮ್ಮಾ?” ಎನ್ನುವಷ್ಟರಲ್ಲಿ ಅವಳೂ ಬೀದಿಗಿಳಿದಿದ್ದಳು. ದಾರಿಯುದ್ದಕ್ಕೂ ಅತ್ತಳು. ಕಾರಿಗಾಗಿ ಅಲ್ಲ ಅಂತ ಅವಳಿಗೂ ಗೊತ್ತಿತ್ತು.

ಅಪ್ಪ ಮಾತ್ರ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. “ಮೋಸ ಮಾಡೋನು ‘ನಾನೇ ಓಡಿಸಿದೆ’ ಅಂತ ಒಪ್ಕೋತಾನಾ ಪುಟ್ಟೀ?”

“ಅದೂ ಒಂದು ನಾಟಕ ಅಪ್ಪ!”



*

ಸೋಮವಾರ ಬಾಡಿಗೆ ಕಾರಿನವನು ಒಂದೂವರೆ ಗಂಟೆ ತಡ ಮಾಡಿದ. ಆಸ್ಪತ್ರೆಯಲ್ಲಿ ಅಪ್ಪನ ಸರದಿ ದಾಟಿಹೋಗಿತ್ತು. ನರ್ಸ್ ಹೇಗೋ ಹೊಂದಿಸಿ ನಾಲ್ಕು ಗಂಟೆಯ ಬದಲು ಎರಡೇ ಗಂಟೆ ಕೊಟ್ಟಳು. ಮನೆಗೆ ಬಂದಾಗ ಅಪ್ಪನ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ.

“ಏನಿಲ್ಲ ಬಿಡು, ಚಪ್ಪಲಿ ಸಣ್ಣದಾಗಿದೆ,” ಎಂದು ಅಪ್ಪ ನಕ್ಕರು. ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮಂಗಳವಾರ ವಿಳಾಸ ಹುಡುಕಿಕೊಂಡು ಕನ್ನಡಕದ ಅಂಗಡಿಯ ಬಾಗಿಲು ತಳ್ಳಿ ಹೆಡ್‌ಮೇಡಂ ಬಂದರು. ಕುರ್ಚಿ ಎಳೆದು ಕೂತವರು ಕಣ್ಣು ತೋರಿಸಲಿಲ್ಲ, ಕಣ್ಣು ಬಿಟ್ಟರು!

“ಬಾನೆಟ್ ಮುಟ್ಟಿ ನೋಡೋಕೆ ಬರುತ್ತೆ. ನನ್ನನ್ನ ಒಂದು ಮಾತು ಕೇಳೋಕೆ ಬರಲ್ವಾ ನಿನಗೆ?”

ಅವಳು ಕೈಯಲ್ಲಿದ್ದ ಕನ್ನಡಕ ಕೆಳಗಿಟ್ಟಳು.

“ಶುಕ್ರವಾರ, ಶನಿವಾರ, ಭಾನುವಾರ. ಮೂರು ದಿನವೂ ಬೆಳಕು ಹರಿಯೋ ಮುಂಚೆ ಬಂದಿದ್ದಾನೆ ಆ ಹುಡುಗ. ತಣ್ಣಗಿದ್ದ ಗಾಡೀನ ತಾನೇ ಸ್ಟಾರ್ಟ್ ಮಾಡಿ, ಕಿವಿಗೊಟ್ಟು ಕೂತು, ಆಮೇಲೆ ನಿಮ್ಮ ಮನೆ ಮುಂದಿಂದ ಆಸ್ಪತ್ರೆವರೆಗೆ ಓಡಿಸ್ಕೊಂಡು ಹೋಗಿ ಬಂದಿದ್ದಾನೆ. ಮೂರು ದಿನಾನೂ! ಭಾನುವಾರ ನೀನು ಬರೋ ಹತ್ತು ನಿಮಿಷ ಮುಂಚೆ ತಾನೆ ವಾಪಸ್ ಬಂದ. ಬಿಸಿ ಇರದೆ ಇನ್ನೇನು ಮಂಜುಗಡ್ಡೆ ಆಗಿರುತ್ತಾ?”

“ನನಗೆ... ನನಗೆ ಹೇಳಬಹುದಿತ್ತಲ್ಲ?”

“ನಾನೂ ಅದನ್ನೇ ಕೇಳ್ದೆ. ‘ಐದು ಸಲ ಅವರ ಮುಖ ಬಾಡಿದ್ದು ನೋಡಿದ್ದೀನಿ ಮೇಡಂ. ಸರಿ ಇಲ್ಲಾಂದ್ರೆ ಅವರನ್ನ ಕರೆಯೋದೇ ಇಲ್ಲ’ ಅಂದ. ತಗೋ!”

ಮಡಿಸಿದ ಹಾಳೆ ಮೇಜಿನ ಮೇಲೆ ಬಿತ್ತು.

ಅವಳು ಬಿಚ್ಚುವಾಗಲೂ ಆ ಹಾಳು ಅನುಮಾನ ಒಳಗಿಂದ ಪಿಸುಗುಟ್ಟಿತು. ‘ಮಾರೋಳು ತಾನೆ, ಮಾರೋ ಮಾತೇ ಆಡ್ತಾಳೆ. ಹಾಳೆ ಯಾರು ಬೇಕಾದ್ರೂ ಬರೀಬಹುದು...’

ಮೂರು ದಿನದ ವಿವರ ಚೊಕ್ಕ ಅಕ್ಷರದಲ್ಲಿತ್ತು. ಮೊದಲ ಸ್ಟಾರ್ಟ್‌ಗೆ ತೊಂದರೆ ಇಲ್ಲ. ಹೊಗೆ ಇಲ್ಲ. ಏರಿನಲ್ಲಿ ಎಳೆತ ಚೆನ್ನಾಗಿದೆ. ಎಂಜಿನ್ ಎಲ್ಲೂ ಹೆಚ್ಚು ಬಿಸಿಯಾಗಿಲ್ಲ. ಕೊನೆಗೆ ಇನ್ನೊಂದು ಸಾಲು.

‘ತಂದೆಯವರು ಹಿಂದಿನ ಸೀಟಿನ ಬಲಗಡೆ ಕೂರಲಿ. ಅಲ್ಲಿ ಬೆಲ್ಟ್ ಬಲಭುಜದ ಮೇಲೆ ಬರುತ್ತದೆ, ಡಯಾಲಿಸಿಸ್ ಸೂಜಿ ಹಾಕುವ ಎಡಗೈಗೆ ತಾಗುವುದಿಲ್ಲ. ಎಡಗೈ ಕೆಳಗೆ ದಿಂಬು ಇಡಲು ಜಾಗ ಇದೆ.’

ಅವಳು ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಅಪ್ಪನ ಎಡಗೈ ಬಗ್ಗೆ ಅವಳು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಕಾರು ಮಾರಲು ಈ ಸಾಲು ಬೇಕಿರಲಿಲ್ಲ. ಕಮಿಷನ್ನಿಗೂ ಬೇಕಿರಲಿಲ್ಲ. ಎಷ್ಟು ತಿರುಗಿಸಿ ಮುರುಗಿಸಿ ನೋಡಿದರೂ ಇದರಲ್ಲಿ ಯಾರಿಗೂ ಯಾವ ಲಾಭವೂ ಸಿಗಲಿಲ್ಲ.

ಒಬ್ಬ ‘ಅಪ್ಪನ್ನ ಕೂರಿಸೋಕೆ ತಾನೆ’ ಅಂದಿದ್ದ. ಇವನು ಅಪ್ಪ ಎಲ್ಲಿ ಕೂರಬೇಕು ಅಂತ ಬರೆದಿಟ್ಟಿದ್ದ!

“ಮೇಡಂ, ಕಾರು ಇನ್ನೂ ಇದೆಯಾ?”

“ಬೀದಿಯಲ್ಲೇ ನಿಲ್ಲಿಸಿದ್ದೀನಿ. ಓಡಿಸಿ ನೋಡ್ತೀಯಾ?”

“ಬೇಡ,” ಎಂದಳು ಕಣ್ಣೊರೆಸಿಕೊಂಡು. “ಕಾಗದ ಕೊಡಿ, ಸಹಿ ಹಾಕ್ತೀನಿ.”

*

ಬುಧವಾರ. ಹಿಂದಿನ ಸೀಟಿನ ಬಲಗಡೆ ಅಪ್ಪ, ಎಡಗೈ ಕೆಳಗೆ ದಿಂಬು. ಅವತ್ತು ನಿಂತುಹೋಗಿದ್ದ ಹೆದ್ದಾರಿಯ ಅದೇ ಜಾಗ ಬಂದಾಗ ಅವಳು ಸ್ಟೀರಿಂಗ್ ಬಿಗಿಯಾಗಿ ಹಿಡಿದಳು. ಕಾರಿಗೆ ಅದರ ಗೊಡವೆಯೇ ಇರಲಿಲ್ಲ, ತನ್ನ ಪಾಡಿಗೆ ತಾನು ದಾಟಿಹೋಯಿತು. “ಇವತ್ತು ಇಷ್ಟು ಬೇಗ!” ಎಂದಳು ನರ್ಸ್. ಪೂರ್ತಿ ನಾಲ್ಕು ಗಂಟೆ ಡಯಾಲಿಸಿಸ್ ಆಯಿತು. ಬರುವಾಗ ಅಪ್ಪನಿಗೆ ನೆಮ್ಮದಿಯ ನಿದ್ದೆ.

ಗ್ಯಾರೇಜಿನ ಮುಂದೆ ನಿಲ್ಲಿಸಿ, ಅಪ್ಪನನ್ನು ಎಬ್ಬಿಸದೆ ಮೆಲ್ಲಗೆ ಇಳಿದಳು.

ಅವನು ಟೈರ್ ಬಿಚ್ಚುತ್ತಿದ್ದ. ನೋಡಿದ. ಮತ್ತೆ ತಲೆ ತಗ್ಗಿಸಿ ಕೆಲಸ ಮುಂದುವರಿಸಿದ.

“ಕಾರು ತಗೊಂಡೆ.”

ಸ್ಪಾನರ್ ನಿಂತಿತು. “ಯಾರು ಚೆಕ್ ಮಾಡಿದ್ರು?”

“ಯಾರೂ ಇಲ್ಲ.”

“ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡಿದ್ರಾ?”

“ಇಲ್ಲ.”

“ಆಯಿಲ್?”

“ಇಲ್ಲ.”

“ತಲೆ ಕೆಟ್ಟಿದೆಯಾ ನಿಮಗೆ?” ಅವನು ಎದ್ದೇ ನಿಂತ. ಅವನ ದನಿ ಏರಿದ್ದನ್ನು ಅವಳು ಇದೇ ಮೊದಲು ಕೇಳಿದ್ದು. “ಹಳೆ ಗಾಡೀನ ಯಾರಾದ್ರೂ ಹೀಗೆ ತಗೋತಾರಾ?”

“ನೀವು ತಗೊಳ್ಳಿ ಅಂದ್ರಿ. ತಗೊಂಡೆ.”

ಅವನು ಸ್ಪಾನರ್ ಕೆಳಗಿಟ್ಟ.

“ಅವತ್ತು ನಾನು ಕೇಳಿದ ಮಾತು... ಕೇಳಬಾರದಿತ್ತು.” “ನನಗೆ ಒಬ್ಬ ಮೋಸ ಮಾಡಿದ್ದ. ಅವನ ಮೇಲಿನ ಸಿಟ್ಟನ್ನ ನಿಮ್ಮ ಮುಖಕ್ಕೆ ಎರಚಿದೆ. ಕ್ಷಮಿಸಿಬಿಡಿ... ಕ್ಷಮಿಸೋಕೆ ಆಗಲ್ಲ ಅಂದ್ರೂ ಸರಿ, ಹೇಳಿ ಹೋಗೋಣ ಅಂತ ಬಂದೆ.”

ಅವನು ಕೈ ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟ.

“ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ ಮೇಡಂ.”

“ಅಂದ್ರೆ?”

“ಒಂದು ವಿಷಯ ಮುಚ್ಚಿಟ್ಟಿದ್ದೆ. ಆ ಗಾಡಿ ಚೆನ್ನಾಗಿದೆ ಅಂತ ಮೊದಲ ದಿನವೇ ಗೊತ್ತಾಗಿತ್ತು.”

“ಮತ್ತೆ... ಮೂರು ದಿನ ಯಾಕೆ ಓಡಿಸಿದ್ರಿ?”

“ಒಂದಾದ್ರೂ ತಪ್ಪು ಸಿಗುತ್ತಾ ಅಂತ.” ಅವನ ಕಣ್ಣು ನೆಲದಲ್ಲಿತ್ತು. “ಗಾಡಿ ಸಿಕ್ಕಿಬಿಟ್ರೆ ಮುಂದಿನ ಭಾನುವಾರ ನೀವು ಬರಲ್ಲವಲ್ಲ.”



“ಸಿಕ್ತಾ?” ಅವಳು ಪಿಸುಗುಟ್ಟಿದಳು.

“ಸಿಗಲಿಲ್ಲ. ಸುಳ್ಳು ಹೇಳಿಬಿಡೋಣ ಅಂತಲೂ ಒಂದು ಗಳಿಗೆ ಅನ್ನಿಸ್ತು. ನಿಮ್ಮಪ್ಪ ಕಣ್ಮುಂದೆ ಬಂದ್ರು. ತಗೊಳ್ಳಿ ಅಂದ್ಬಿಟ್ಟೆ.”

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ತನ್ನ ಆಸೆಗೇ ಅಡ್ಡ ಬಂದರೂ ನಿಜ ಹೇಳಿದ್ದಾನೆ ಈ ಮನುಷ್ಯ! ಇಷ್ಟು ದಿನ ಅವಳು ಊರೆಲ್ಲ ಹುಡುಕಿದ್ದು ಇಂಥ ಒಬ್ಬನನ್ನೇ ಅಲ್ಲವಾ? ಕಾರಿನ ನೆಪದಲ್ಲಿ!

“ಶುಕ್ರವಾರ ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಬರ್ತೀರಾ?”

“ಗಾಡಿ ಗಟ್ಟಿಯಾಗಿದೆ. ನನ್ನ ಅಗತ್ಯ ಇಲ್ಲ.”

“ಗಾಡಿಗಿಲ್ಲ... ನನಗಿದೆ.”

ಅವನು ತಲೆಯೆತ್ತಿದ. ಕಣ್ಣಂಚಿನ ಆ ನಗು ಈಗ ಮುಖವೆಲ್ಲ ಹರಡಿತ್ತು.

“ಎಷ್ಟು ದಿನ ಬರಬೇಕು?”

“ನನ್ನಲ್ಲಿ ತಪ್ಪು ಸಿಗೋ ತನಕ.”

“ಅದು ಆಗಲೇ ಬೇಕಾದಷ್ಟು ಸಿಕ್ಕಿದೆ.”

“ಹೌದಾ...” ಅವಳ ದನಿ ಸಣ್ಣದಾಯಿತು. “ಹಾಗಾದ್ರೆ?”

“ಆದ್ರೂ ಬರ್ತೀನಿ.”